ಮೆಂತ್ಯದ ಡಬ್ಬಿಯಲ್ಲಿಟ್ಟ ಗುಳಿಗೆ

ಮೊರದ ತುಂಬ ಜೋಳ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದೆ. ಹೋದ ಸುಗ್ಗಿಯ ಜೋಳ, ನುಸಿ ಬಿದ್ದಿತ್ತು. ನವೆಂಬರಿನಲ್ಲಿ ನಮ್ಮ ಬೀದರಿನ ಮನೆಗಳೊಳಗೆ ಹನ್ನೊಂದು ಗಂಟೆಯಾದರೂ ಚಳಿ ಬಿಡುವುದಿಲ್ಲ. ಕೂತು ಮಾಡುವ ಕೆಲಸವನ್ನೆಲ್ಲ ಹೊರಗೇ ತಂದುಕೊಳ್ಳುತ್ತೇನೆ. ಒಂದು ಹಿಡಿ ಹಳ್ಳು-ಕಲ್ಲು ಆರಿಸಿ ಒಗೆಯುವಷ್ಟರಲ್ಲಿ ಫೋನ್ ಬಂತು. ಪ್ರೇಮಲಾ. ನಮ್ಮವರ ತಂಗಿ, ಔರಾದದಲ್ಲಿ ಸರ್ಕಾರಿ ಶಾಲೆಯ ಟೀಚರು.

"ವೈನಿ, ಏನ್ ಮಾಡ್ಲತ್ತೀರಿ?"

"ಜೋಳ ಹಸನ ಮಾಡ್ಲತ್ತೀನಿ. ಯಾಕವ್ವ, ಇವತ್ತು ಸಾಲಿ ಇಲ್ಲೇನು?"

"ಸಾಲ್ಯಾಗೇ ಅದೀನ್ರಿ. ಸಣ್ಣ ಬಿಡುವು ಅದ. ಒಂದ್ ಮಾತು ಕೇಳಾದಿತ್ತು. ನಾ ಗುಳಗಿ ಬಿಟ್ಟೀನಿ ವೈನಿ. ನಿಮ್ಮಂಗೇ, ಉಪಾಸ ಪ್ರಾರ್ಥನಿ ಮಾಡಿ. ಇವತ್ತಿಗಿ ಎಂಟ್ ದಿನ."

ನನ್ನ ಕೈ ಜೋಳದಲ್ಲೇ ನಿಂತಿತು.

"ತಲಿಯೊಳಗ ಕರೆಂಟ್ ಹೊಡದಂಗ ಆಗ್ಲತ್ತದ. ಹೊರಳಿ ನೋಡಿದ್ರ ಝುಂ ಅಂತದ. ಬೋರ್ಡಿನ ಮ್ಯಾಲ ಬರಿಲಿಕ್ಕ ನಿಂತ್ರ ಕೈ ನಡಗತದ. ನಿಮಗೂ ಹಿಂಗೇ ಆಗಿರ್ಬೇಕಲ್ರಿ? ಎಷ್ಟ್ ದಿನಕ್ಕ ಹೋತು?"

ನಾನು ಬಾಯಿ ತೆಗೆಯುವುದರೊಳಗೆ ಅತ್ತ ಗಂಟೆ ಹೊಡೆಯಿತು. "ಊಟದ ಬಿಡುವಿನ್ಯಾಗ ಮಾಡ್ತೀನಿ, ಒಂದಕ್ಕ" ಎಂದು ಇಟ್ಟುಬಿಟ್ಟಳು. ನಾನು ತಿರುಗಿ ಮಾಡಿದೆ. ಕ್ಲಾಸಿನೊಳಗೆ ಹೋಗುವಾಗ ಅವಳು ಫೋನ್ ಬಂದ್ ಮಾಡುತ್ತಾಳೆ. ಅಷ್ಟು ಶಿಸ್ತಿನ ಹುಡುಗಿ. ಶಿಸ್ತಿನವಳು ಎಂದೇ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ.

ಎಷ್ಟು ದಿನಕ್ಕೆ ಹೋಯಿತು? ಹೋಗಲಿಲ್ಲ ತಾಯಿ. ನಾನು ಗುಳಿಗೆ ಬಿಟ್ಟದ್ದು ಹದಿನಾಲ್ಕೇ ದಿನ. ಅವಳ ಫೋನು ಬರುವುದಕ್ಕೆ ಮೂರು ತಾಸು ಮುಂಚೆಯೂ ಒಂದು ನುಂಗಿದ್ದೆ. ಆದರೆ ಅವಳ ಊರಿನ ಚರ್ಚಿನಲ್ಲಿ, ಅವಳ ಎದುರಿಗೇ ನಿಂತು, ಬಿಟ್ಟೆ ಎಂದು ಹೇಳಿಬಂದವಳೂ ನಾನೇ.

ಒಂದು ಗಂಟೆಗೆ ಇನ್ನೂ ಎರಡು ತಾಸಿತ್ತು. ಮೊರ ತೊಡೆಯ ಮೇಲಿತ್ತು. ಹೋದ ವರ್ಷ ಪೂರ್ತಿ ನನ್ನ ಕಣ್ಣ ಮುಂದೆ ಬಂದು ಕೂತಿತು.

ಹೋದ ವರ್ಷ ಜೂನಿನಲ್ಲಿ ನನಗೆ ತೂಕ ಇಳಿಸುವ ಆಪರೇಷನ್ ಆಯಿತು. ಹೈದರಾಬಾದಿನಲ್ಲಿ. ನೂರಾ ಹನ್ನೆರಡು ಕಿಲೋ ಇದ್ದೆ. ಶುಗರ್ ಇತ್ತು, ಮೊಣಕಾಲು ಚರ್ಚಿನಲ್ಲಿ ಮಂಡಿಯೂರಲು ಬಿಡುತ್ತಿರಲಿಲ್ಲ. ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ಇಷ್ಟು ಬಿಟ್ಟು ಇಷ್ಟನ್ನು ಬೇರೆ ಮಾಡುತ್ತೇವೆ, ಕರುಳನ್ನು ಇಲ್ಲಿಗೆ ಜೋಡಿಸುತ್ತೇವೆ ಎಂದು ತಿಳಿಸಿ ಹೇಳಿದರು. ಮನಸ್ಸಿನ ವಿಷಯವನ್ನೂ ಹೇಳಿದ್ದರೋ ಏನೋ. ಹೇಳಿದ್ದರೆ ನನ್ನ ಕಿವಿಗೆ ಬಿದ್ದಿಲ್ಲ. ಪೆಟ್ಟಿಗೆಯಲ್ಲಿದ್ದ ಮದುವೆಯ ಕುಪ್ಪಸ ಮತ್ತೆ ಹಿಡಿಸೀತೇ ಎಂದು ಲೆಕ್ಕ ಹಾಕುತ್ತಿದ್ದೆ.

ಮನೆಗೆ ಬಂದಾಗ ಮಳೆ ಹತ್ತಿತ್ತು. ನಮ್ಮ ಓಣಿಯ ಕೆಂಪು ಮಣ್ಣು ಒಮ್ಮೆ ನೆನೆದರೆ ಸೀರೆಯ ಅಂಚು ಬಿಡುವುದಿಲ್ಲ. ಅದನ್ನು ತಿಕ್ಕುವುದಕ್ಕೂ ಬಗ್ಗಬೇಡ ಎಂದಿದ್ದರು. ಹೊತ್ತಿಗೆ ನಾಲ್ಕು ಚಮಚ ಬೇಳೆಯ ತಿಳಿ. ನೀರು ಗುಟುಕು ಗುಟುಕಾಗಿ. ಊಟದ ಜೊತೆ ನೀರು ಕೂಡದು, ಊಟವಾದ ಮೇಲೆ ಅರ್ಧ ತಾಸು ಕೂಡದು. ವೆನಿಲಾ ವಾಸನೆಯ ಪ್ರೋಟೀನ್ ಪುಡಿ. ಜೀವ ಇರುವ ತನಕ ವಿಟಮಿನ್ ಗುಳಿಗೆ. ಇರಲಿ, ಒಪ್ಪಿಕೊಂಡು ಮಾಡಿಸಿಕೊಂಡದ್ದು. ಆದರೆ ನಾನು ತಿನ್ನುವುದನ್ನು ಬಿಟ್ಟೆನೇ ಹೊರತು ಮನೆಯವರು ಬಿಟ್ಟಿರಲಿಲ್ಲವಲ್ಲ. ಇಬ್ಬರು ಮಕ್ಕಳು, ಅತ್ತೆ, ಊರ ಹೊರಗಿನ ಕೊಳಾರದ ಫ್ಯಾಕ್ಟರಿಗೆ ಡಬ್ಬಿ ಒಯ್ಯುವ ಗಂಡ. ಹದಿನೆಂಟು ರೊಟ್ಟಿ ಬಡಿದು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ರವಿವಾರ ಮಟನ್ ಕುದಿಸಿ, ಎಲ್ಲರಿಗೂ ಬಡಿಸಿ, ನಾನು ಬಟ್ಟಲು ಹಿಡಿದುಕೊಂಡು ಮೂಲೆಯಲ್ಲಿ ಕೂತು ಚಮಚ ಎಣಿಸಬೇಕು. ಒಂದು ದಿನ ತಡೆಯದೆ ಎರಡು ಚಮಚ ಶಿರಾ ತಿಂದೆ. ಎದೆ ಡವಡವ ಹೊಡೆದು, ಬೆವರಿ, ಸಿಮೆಂಟಿನ ನೆಲದ ಮೇಲೆ ಮಲಗಿಬಿಟ್ಟೆ.

"ತಿನ್ನಬ್ಯಾಡಂದ್ರೂ ತಿಂತಿ, ತಿಂದ ಮ್ಯಾಲ ಬೀಳ್ತಿ" ಎಂದರು ಅತ್ತೆ. "ಅಷ್ಟ ದೂರ ಹೋಗಿ ಹೊಟ್ಟಿ ಕೊಯ್ಸಿಕೊಂಡು ಬಂದಿ. ಬಾಯಿ ಹೊಲ್ಸಿಕೊಂಡು ಬಂದಿದ್ರ ಇಲ್ಲೇ ಆಗ್ತಿತ್ತು."

ಜನರ ಬಾಯಿ ಇನ್ನೊಂದು. ಇಪ್ಪತ್ತು ವರ್ಷ "ಎಷ್ಟ್ ದಪ್ಪ ಆಗೀದಿ ಸುಶೀಲಾ" ಎಂದವರೇ ಆಗಸ್ಟ್ ಹೊತ್ತಿಗೆ "ಏನವ್ವ, ಏನರ ದೊಡ್ಡ ಬ್ಯಾನಿ ಬಂದಾದೇನು" ಎನ್ನತೊಡಗಿದರು. ಈ ಊರಿಗೆ ಸರಿಹೋಗುವ ತೂಕ ಎಷ್ಟು ಎಂದು ಇವತ್ತಿನವರೆಗೂ ನನಗೆ ಯಾರೂ ಹೇಳಿಲ್ಲ. ಕೂದಲು ಹಿಡಿ ಹಿಡಿಯಾಗಿ ಉದುರಿತು. ದೇವರ ದಯೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನಮ್ಮ ತಾಯಿ ಕಲಿಸಿದ ಅಭ್ಯಾಸ. ಶುಗರ್ ಗುಳಿಗೆ ನಿಂತಿತು, ಒಂದು. ಮೊಣಕಾಲು ಮಡಚಿತು, ಎರಡು. ಚರ್ಚಿನಲ್ಲಿ ತಲೆಯ ಮೇಲೆ ಸೆರಗು ಇರುತ್ತದೆ, ಕೂದಲು ಹೋದದ್ದು ಕಾಣುವುದಿಲ್ಲ, ಮೂರು. ಮುಂದೆ ಗೆಣ್ಣು ಖಾಲಿ.

ಸೆಪ್ಟೆಂಬರಿನಲ್ಲಿ ಎಣಿಸುವುದೇ ನಿಂತಿತು. ದುಃಖ ಎನ್ನಲಾರೆ, ದುಃಖಕ್ಕೆ ಅಳುವಾದರೂ ಬರುತ್ತದೆ. ನಮ್ಮ ಓಣಿಗೆ ಎರಡು ದಿನಕ್ಕೊಮ್ಮೆ ನಳ ಬರುತ್ತದೆ. ಒಂದು ಬೆಳಿಗ್ಗೆ ಕೊಡ ಹಚ್ಚಿ ಪಕ್ಕದಲ್ಲೇ ನಿಂತಿದ್ದೆ. ಕೊಡ ತುಂಬಿತು. ಹೊರಚೆಲ್ಲಿತು. ನೋಡುತ್ತಲೇ ಇದ್ದೆ. ಕೊಡ ಸರಿಸಿ ಇನ್ನೊಂದು ಇಡಬೇಕು ಎಂದು ಗೊತ್ತು, ಕೈಗೂ ಗೊತ್ತು. ಆದರೆ ಸರಿಸಿದರೇನು, ಬಿಟ್ಟರೇನು ಎನ್ನಿಸಿತು. ನೀರು ಅಂಗಳ ದಾಟಿ ಗಟಾರು ಸೇರಿ, ಕಡೆಗೆ ನಳವೂ ಹೋಯಿತು. ಅತ್ತೆ ಬಂದು ನೋಡಿ, ತುಂಬಿದ್ದು ಒಂದೇ ಕೊಡ ಎಂದು ಬೈದರು. ಬೈದದ್ದು ಕೇಳಿಸಿತು, ತಾಗಲಿಲ್ಲ. ಅದೇ ವಾರ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಂಡಿಯೂರಿದೆ. ಬಾಯಿಂದ ಬಂದದ್ದು ಒಂದೇ ಮಾತು: ನಾಳೆ ನನ್ನನ್ನು ಎಬ್ಬಿಸಬೇಡಪ್ಪಾ.

ಅದನ್ನು ಗೋಡೆಯಾಚೆಯ ಶಹನಾಜ್‌ಗೆ ಹೇಳಿದೆ. ಯಾಕೆ ಅವಳಿಗೇ ಹೇಳಿದೆನೋ. ನಮ್ಮ ಚರ್ಚಿನವಳಲ್ಲ, ನಮ್ಮ ಬಳಗದವಳಲ್ಲ, ಅದಕ್ಕೇ ಇರಬೇಕು. ಅವಳು ಬುರ್ಖಾ ಹಾಕಿಕೊಂಡು ಹೊರಟೇ ನಿಂತಳು.

"ಚಲೋ, ಉಠೋ. ಮನಸ್ಸಿನ ಡಾಕ್ಟರ್ನಿ ಅದಾಳ. ನನ್ನ ದೇವರಾಣಿ, ಮೈದುನನ ಹೆಂಡ್ತಿ, ಮೂರು ವರ್ಷ ತೋರ್ಸ್ಯಾಳ."

"ಜನ ಏನಂತಾರ ಶಹನಾಜ್."

"ಜನ ಈಗ ಏನಂತಾರ? ನಿನಗ ಕ್ಯಾನ್ಸರ್ ಅದ ಅಂತಾರ. ಅದಕ್ಕಿಂತ ಇದು ಅಚ್ಛಾ ಇಲ್ಲೇನು?"

ಡಾಕ್ಟರಮ್ಮ ಮೆತ್ತಗೆ ಎಲ್ಲ ಕೇಳಿದರು. ನಿದ್ದೆ, ಊಟ, ಯೋಚನೆ. ಎಬ್ಬಿಸಬೇಡ ಎಂದು ಬೇಡಿದ್ದನ್ನೂ ಹೇಳಿದೆ. ಮುಂಚೆ ಆಪರೇಷನ್ ಏನಾದರೂ ಆಗಿದೆಯಾ ಎಂದರು. "ಎರಡು ಸಿಜೇರಿಯನ್ ಆಗ್ಯಾವ್ರಿ" ಎಂದೆ. ಮೂರನೆಯದನ್ನು ನುಂಗಿಬಿಟ್ಟೆ. ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡವಳು ಎಂದುಕೊಂಡಾರು ಎಂಬ ನಾಚಿಕೆ. ಸಾಯಬೇಕು ಎನ್ನಿಸುವುದನ್ನು ಹೇಳಲು ಬಾರದ ನಾಚಿಕೆ ಇದಕ್ಕೆ ಬಂತು ನೋಡಿ.

ಗುಳಿಗೆ ಬರೆದುಕೊಟ್ಟರು. ನಮ್ಮವರು "ತಗೋ, ಆದ್ರ ಅವ್ವಗ ಗೊತ್ತಾಗೋದು ಬ್ಯಾಡ" ಎಂದರು. ಮೆಂತ್ಯದ ಡಬ್ಬಿಯಲ್ಲಿ ಇಟ್ಟೆ. ಶುಗರ್ ಇದ್ದಾಗ ದಿನಾ ನೆನೆಹಾಕುತ್ತಿದ್ದವಳು ನಾನೊಬ್ಬಳೇ. ಈಗ ಆ ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ವಾರ ಎರಡಾಯಿತು, ನಾಲ್ಕಾಯಿತು. ಏನೋ ಒಂದಿಷ್ಟು ತಡೆದಂತಿತ್ತು, ಅಷ್ಟೇ. ಕತ್ತಲೆ ಇದ್ದಲ್ಲೇ ಇತ್ತು. ಮತ್ತೆ ತೋರಿಸಲು ಹೋಗಬೇಕಾಗಿತ್ತು. ನಾನು ಗುಳಿಗೆ ಬಿಟ್ಟು ಉಪವಾಸ ಹಿಡಿದೆ.

ಗುಳಿಗೆ ಬಿಡು ಎಂದು ಯಾರೂ ಹೇಳಲಿಲ್ಲ, ಇದನ್ನು ನ್ಯಾಯವಾಗಿ ಬರೆಯಬೇಕು. ನಮ್ಮ ಅಮ್ಮನವರು, ಅಂದರೆ ಚರ್ಚಿನ ಅಯ್ಯನವರ ಹೆಂಡತಿ, ಬುಧವಾರದ ಕೂಟದಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು ನಿಜ. ಉಪವಾಸದ ಯೋಚನೆ ನನ್ನದೇ. ಗುಳಿಗೆ ನುಂಗಿಕೊಂಡು ಉಪವಾಸ ಮಾಡಿದರೆ ದೇವರ ಮೇಲೆ ಅರ್ಧ ನಂಬಿಕೆ, ಡಬ್ಬಿಯ ಮೇಲೆ ಅರ್ಧ ಎಂದು ಲೆಕ್ಕ ಹಾಕಿದವಳೂ ನಾನೇ. ಹೊಟ್ಟೆಯ ಡಾಕ್ಟರು ಉಪವಾಸ ಮಾಡಲೇಬಾರದು ಎಂದಿದ್ದರು. ಅದನ್ನೂ ಗಾಳಿಗೆ ತೂರಿದೆ.

ಮೊದಲ ವಾರ ಮೈ ಹಗುರವಾಯಿತು. ನಡುನಡುವೆ ತಲೆಯೊಳಗೆ ಕರೆಂಟು ಹೊಡೆಯಿತು. ಬ್ಯಾನಿ ಬಿಟ್ಟು ಹೋಗುವಾಗ ಒದ್ದುಕೊಂಡು ಹೋಗುತ್ತದೆ ಎಂದುಕೊಂಡೆ. ಹನ್ನೊಂದನೆಯ ದಿನ ಭಾಲ್ಕಿಯಲ್ಲಿ ಸುಗ್ಗಿ ಹಬ್ಬ. ಕುಂಬಳಕಾಯಿ, ಜವಾರಿ ಕೋಳಿ, ತೊಗರಿಯ ಗಿಡ ಎಲ್ಲ ವೇದಿಕೆಯ ಮುಂದೆ ತಂದಿಟ್ಟಿದ್ದರು. ಮಧ್ಯಾಹ್ನ ಹೆಂಗಸರ ಕೂಟ, ಅದರಲ್ಲಿ ಸಾಕ್ಷಿ ಹೇಳುವ ಹೊತ್ತು. ಭಾಲ್ಕಿ ನಮ್ಮವರ ಹುಟ್ಟೂರು, ಎಲ್ಲರೂ ಪರಿಚಯದವರೇ. "ಬೀದರದ ಸುಶೀಲಮ್ಮ, ನೀವ್ ಹೇಳ್ರಿ" ಎಂದು ಎಬ್ಬಿಸಿದರು.

ಸಾಕ್ಷಿ ಹೇಳಲು ನಮ್ಮಲ್ಲಿ ಒಂದು ಅಚ್ಚು ಇದೆ. ಕಷ್ಟ ಬಂತು, ಮೊರೆಯಿಟ್ಟೆ, ಬಿಡುಗಡೆಯಾಯಿತು. ಕೂತವರು "ಸ್ತೋತ್ರ" ಎನ್ನುತ್ತಾರೆ, ನೀವು ಕೂರುತ್ತೀರಿ. ಇನ್ನೂ ಕಷ್ಟದಲ್ಲೇ ಇದ್ದೇನೆ, ಆದರೆ ಈ ಬೆಳಿಗ್ಗೆ ಎದ್ದು ಹಲ್ಲುಜ್ಜಿದೆ ಎಂದು ಯಾರೂ ಸಾಕ್ಷಿ ಹೇಳಿದ್ದನ್ನು ನಾನು ಕೇಳಿಲ್ಲ. ನಾನೂ ಆಪರೇಷನ್ ಹೇಳಿದೆ, ಕತ್ತಲೆ ಹೇಳಿದೆ, "ಗುಳಗಿನೂ ಬಿಡ್ಸಿದ ನಮ್ಮಪ್ಪ" ಎಂದೆ. ಇಡೀ ಕೂಟ ಸ್ತೋತ್ರ ಎಂದಿತು. ಅಲ್ಲಿಯವರೆಗೆ ಮನೆಯಲ್ಲಿ ಗುಳಿಗೆಯ ಸುದ್ದಿಯೇ ಇಲ್ಲದ ಅತ್ತೆ, ಮೂರನೆಯ ಸಾಲಿನಲ್ಲಿ ಕೂತವರು, ಸ್ತೋತ್ರ ಎನ್ನದೆ ನನ್ನನ್ನೇ ನೋಡಿದರು. ಆ ದಿನ ಹೇಳಿದ್ದು ಸುಳ್ಳಲ್ಲ. ಹನ್ನೊಂದು ದಿನದ ಮಟ್ಟಿಗೆ ನಿಜ.

ಹದಿನಾಲ್ಕನೆಯ ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮೈ ಗಡಗಡ. ಶಹನಾಜಳೇ ಮತ್ತೆ ಆಟೋ ತಂದಳು, ಬೈಯುತ್ತಲೇ ತಂದಳು. ಡಾಕ್ಟರಮ್ಮ ಆರು ತಿಂಗಳ ಕೆಳಗಿನ ತೂಕ ಕೇಳಿದಾಗ ಬಾಯಿ ತಪ್ಪಿ ನಿಜ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಇಷ್ಟು ಹ್ಯಾಂಗ ಇಳದ್ರಿ?"

ಹೇಳಿದೆ.

"ಅಮ್ಮಾ, ಇದನ್ನ ಮೊದಲ ದಿನ ಹೇಳಬೇಕಿತ್ತಲ್ರಿ. ನಾ ಕೊಟ್ಟಿದ್ದು ನಿಧಾನ ಕರಗೋ ಗುಳಗಿ. ನಿಮ್ಮ ಹೊಟ್ಟಿ-ಕರುಳಿನ ದಾರಿನೇ ಬದಲಾಗ್ಯದ. ಪೂರಾ ಕರಗೋದಕ್ಕ ಮೊದಲೇ ಮುಂದ ಹೋಗಿರ್ತದ. ಗುಳಗಿದೇನು ತಪ್ಪು, ದೇವರದೇನು ತಪ್ಪು?"

ಎರಡು ಸಿಜೇರಿಯನ್ ಎಂದವಳ ಮುಖ ಆಗ ಹೇಗಿತ್ತೋ. ಅವರು ಹೈದರಾಬಾದಿನ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಬೇರೆ ತರಹದ್ದು ಕೊಟ್ಟರು, ಸ್ವಲ್ಪದಿಂದ ಶುರು ಮಾಡಿ. ನೀವಾಗೇ ಬಿಡುವ ಹಾಗಿಲ್ಲ, ಬಿಡುವುದಾದರೆ ನಾವಿಬ್ಬರೂ ಸೇರಿ ಬಿಡೋಣ ಎಂದು ಕೈ ಹಿಡಿದು ಹೇಳಿ, ನನ್ನಿಂದ ಮಾತು ತೆಗೆದುಕೊಂಡರು. ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಿ ಎಂದರು.

ಚಮತ್ಕಾರವೇನೂ ಆಗಲಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಹಾಲಿನವನಿಗೆ, "ಇದಕ್ಕ ಹಾಲ ಅಂತಿಯೋ, ಮಾಂಜ್ರಾ ಹೊಳಿ ಅಂತಿಯೋ?" ಎಂದು ಬಾಗಿಲಲ್ಲೇ ದಬಾಯಿಸಿದೆ. ಒಳಗೆ ದಾಡಿ ಮಾಡಿಕೊಳ್ಳುತ್ತಿದ್ದ ನಮ್ಮವರು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಹೊರಗೆ ಬಂದು, "ಆರಾಮ್ ಆಗ್ಲತ್ತದ ನಿನಗ" ಎಂದರು. ಎಷ್ಟೋ ತಿಂಗಳಾದ ಮೇಲೆ ಆ ದಿನ ಬೆರಳ ಗೆಣ್ಣು ಮುಟ್ಟಿಕೊಂಡೆ. ಹಾಲಿನವನು ಮರುದಿನವೂ ನೀರೇ ತಂದ, ಅದು ಬೇರೆ ಮಾತು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಔರಾದದ ಹೆಂಗಸರ ಕೂಟಕ್ಕೆ ಕರೆ ಬಂತು. ಭಾಲ್ಕಿಯ ಸಾಕ್ಷಿ ಅಲ್ಲಿಯವರೆಗೆ ನಡೆದುಕೊಂಡು ಹೋಗಿತ್ತು. ಬಸ್ಸಿನಲ್ಲಿ ಹೋಗುವಾಗ ಇದನ್ನು ಸರಿಪಡಿಸಿ ಹೇಳಬೇಕು ಎಂದೇ ಅಂದುಕೊಂಡೆ. ಆದರೆ ಎದುರಿಗೆ ಅರವತ್ತು ಹೆಂಗಸರು, ಮೊದಲ ಸಾಲಿನಲ್ಲಿ ಪ್ರೇಮಲಾ, ಆಗಲೇ ಅದೇ ಆಪರೇಷನ್ನಿಗೆ ಹೆಸರು ಬರೆಸಿದ್ದವಳು, ನನ್ನ ಮುಖವನ್ನೇ ನೋಡುತ್ತಿದ್ದಳು. ಅಚ್ಚು ಬಾಯಿಗೆ ಬಂತು. ಕಷ್ಟ, ಮೊರೆ, ಬಿಡುಗಡೆ. ಗುಳಿಗೆಯನ್ನೂ ಬಿಡಿಸಿದ. ಸ್ತೋತ್ರ. ಪರ್ಸಿನೊಳಗೆ ಕರವಸ್ತ್ರದಲ್ಲಿ ಮರುದಿನದ ಗುಳಿಗೆ ಸುತ್ತಿಟ್ಟಿತ್ತು.

ಜೂನಿನಲ್ಲಿ ಪ್ರೇಮಲಾಗೆ ಆಪರೇಷನ್ ಆಯಿತು. ಆಗಸ್ಟಿನಲ್ಲಿ ಅವಳಿಗೂ ಅದೇ ಕತ್ತಲೆ ಕವಿಯಿತು ಎಂದು ಗೊತ್ತಾದಾಗ ಅವಳ ಊರಿನ ಡಾಕ್ಟರಲ್ಲಿಗೆ ನಾನೇ ಕಳಿಸಿದೆ, ಆಪರೇಷನ್ ಮಾತು ಮುಚ್ಚಿಡಬೇಡ ಎಂದೂ ಹೇಳಿದೆ. ಆದರೆ ನಾನೂ ಇನ್ನೂ ತೆಗೆದುಕೊಳ್ಳುತ್ತಿದ್ದೇನೆ ಎಂಬ ಒಂದು ಮಾತು ಮಾತ್ರ ಹೇಳಲಿಲ್ಲ. ಅವಳ ಗುಳಿಗೆ ಅವಳಿಗೆ ಹಿಡಿದಿತ್ತು. ಮತ್ತೆ ಸೀರೆಗೆ ಇಸ್ತ್ರಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಒಂದಕ್ಕೆ ಐದು ನಿಮಿಷ ಇರುವಾಗಲೇ ನಾನೇ ಫೋನ್ ಹಚ್ಚಿದೆ. ಹತ್ತು ಸಲ ಹಚ್ಚಿದ ಮೇಲೆ ಎತ್ತಿದಳು.

"ಪ್ರೇಮಲಾ, ಮೊದಲ ನನ್ನ ಮಾತು ಕೇಳು. ಡಾಕ್ಟರಿಗಿ ಈಗಿಂದೀಗ ಫೋನ್ ಮಾಡು. ಎಂಟ್ ದಿನದಿಂದ ಬಿಟ್ಟೀನಿ, ಹಿಂಗಾಗ್ಲತ್ತದ, ಉಪಾಸ ಇದ್ದೆ ಅಂತ ಎಲ್ಲಾ ಹೇಳು. ಅವ್ರು ಹ್ಯಾಂಗ ಹೇಳ್ತಾರ ಹಂಗ ಮಾಡು."

"ಯಾಕ್ರಿ ವೈನಿ? ನಿಮಗ ಎಷ್ಟ್ ದಿನಕ್ಕ..."

"ನನಗ ಹೋಗಿಲ್ಲ. ಹದಿನಾಲ್ಕನೇ ದಿನ ಬಿದ್ದೆ. ಆವಾಗಿಂದ ತಗೋಲತ್ತೀನಿ. ಇವತ್ತೂ ತಗೊಂಡೀನಿ."

ಅತ್ತ ಮಕ್ಕಳ ಗದ್ದಲ, ತಟ್ಟೆಗಳ ಸದ್ದು.

"ಮತ್ತ ಮೇ ತಿಂಗಳಾಗ ನಮ್ಮೂರಾಗ ನಿಂತು ಹೇಳಿದ್ದು?"

"ಸುಳ್ಳು."

"ದೇವರ ಮನ್ಯಾಗ ನಿಂತು ಹೇಳಿದ್ರಿ."

"ಹೂಂ."

"ನಾ ಎರಡ್ ದಿನ ನೀರ್ ಸೈತ ಮುಟ್ಟಿಲ್ರಿ ವೈನಿ. ಈ ಹೊಟ್ಟಿ ಇಟ್ಕೊಂಡು. ನಿನ್ನಿ ಬಸ್ ಸ್ಟ್ಯಾಂಡಿನಾಗ ಕಣ್ಣು ಕತ್ತಲಿ ಬಂದು ಕುಂತೆ. ನನಗ ನಂಬಿಕಿ ಕಡಿಮಿ ಅದ, ವೈನಿಗಿ ಇದ್ದಷ್ಟಿಲ್ಲ ಅಂತ ಅತ್ತೀನಿ. ಏನ್ ಮಂದಿ ಅದೀರ್ರಿ ನೀವು? ನನಗೊಬ್ಬಾಕಿಗಿ ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?"

ಇನ್ನೂ ಅಂದಳು. ಅಂದದ್ದೆಲ್ಲ ಸರಿಯೇ, ಇಲ್ಲಿ ಬರೆಯುವುದಿಲ್ಲ. ಕೊನೆಗೆ, "ನಾಳಿ ಮೊದಲನೇ ಬಸ್ಸಿಗಿ ಬರ್ತೀನಿ. ಡಾಕ್ಟರ ಬಲ್ಲಿ ಕೂಡೇ ಹೋಗಮು" ಎಂದೆ.

"ಬರ್ರಿ. ಬಂದು ರವಿವಾರ ತನಕ ಇರ್ರಿ. ಅದೇ ಜಾಗದಾಗ ನಿಂತು ಹೇಳ್ರಿ. ಇವತ್ತು ಮುಂಜಾನಿ ಗುಳಗಿ ತಗೊಂಡೀನಿ ಅಂತ ಹೇಳ್ರಿ. ನೋಡಮು, ಯಾರ್ ಸ್ತೋತ್ರ ಅಂತಾರ."

"ಹೇಳ್ತೀನಿ."

"ಯಾರೂ ಅನ್ನಲ್ಲ."

"ಅನ್ನದಿದ್ರೂ ಹೇಳ್ತೀನಿ. ಮೊದಲ ನೀ ಡಾಕ್ಟರಿಗಿ ಫೋನ್ ಮಾಡು."

ಮಾಡಿದಳು. ಹತ್ತು ನಿಮಿಷಕ್ಕೆ "ಮಾತಾಡಿದೆ. ಸಂಜಿಗಿ ಬಾ ಅಂದಾರ" ಎಂದು ಮೆಸೇಜು ಬಂತು, ಅದರ ಕೆಳಗೆ "ಸಿಟ್ಟದ" ಎಂದು ಇನ್ನೊಂದು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಮೆಂತ್ಯದ ಡಬ್ಬಿ ವರ್ಷದಿಂದ ಖಾಲಿ ಆಗವಲ್ದು, ಆದ್ರ ದಿನಾ ಮುಂಜಾನಿ ಮುಚ್ಚಳ ಸಪ್ಪಳ ಆಗ್ತದ" ಎಂದರು. "ನನಗೇನು ಕಿವಿ ಕೇಳಲ್ಲ ಅಂತ ಮಾಡಿರೇನು ನೀವ್ ಗಂಡ ಹೆಂಡ್ತಿ?"

ಬೆರಳ ಗೆಣ್ಣಿನ ಮೇಲೆ ಒಂದನ್ನು ಮುಟ್ಟಿಕೊಂಡೆ: ಪ್ರೇಮಲಾ ಬೈದಳು. ಬೈಯುವಷ್ಟು ತ್ರಾಣ ಅವಳಲ್ಲಿ ಇದೆ. ಕಣ್ಣು ತುಂಬಿ ಬಂತು.

"ಅಳೂದು ಆಮ್ಯಾಲ ಅಳಿಯಂತ" ಎಂದರು ಅತ್ತೆ. "ನಳ ಬಂದಾದ. ಏಳು."

ಮೊರವನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಹೋದೆ. ಮೊದಲನೆಯ ಕೊಡ ತುಂಬಿತು. ಸರಿಸಿ ಎರಡನೆಯದು ಇಟ್ಟೆ.